ಹಳೇ ಡಾಸ್ ಆಟಗಳು ಬೆರಳಿಗೆ ನೆನಪಿರುವ ಹಾಗೇ ಮತ್ತೆ ಸಿಗಬೇಕೆಂದರೆ

ಶಾಲೆಯ ಕಂಪ್ಯೂಟರ್ ಲ್ಯಾಬಿಗೆ ಹೋಗುವಾಗ ಬಾಗಿಲಲ್ಲೇ ಚಪ್ಪಲಿ ಬಿಡಬೇಕಿತ್ತು. ಒಳಗೆ ದೇವರ ಮನೆಯಷ್ಟೇ ಮಡಿ. ಒಂದು ಮಾನಿಟರಿನ ಮುಂದೆ ಮೂವರು. ಒಬ್ಬನ ಕೈ ಕೀಬೋರ್ಡ್ ಮೇಲೆ, ಇನ್ನಿಬ್ಬರ ಕಣ್ಣು ಗಡಿಯಾರದ ಮೇಲೆ. ಮಕ್ಕಳಿಗೆ ಪ್ರೋಗ್ರಾಂ ಬರೆಯಲು ಕಲಿಸುವ ಲೋಗೋದ ಆಮೆಯನ್ನು ಚೌಕಾಕಾರದಲ್ಲಿ ಓಡಿಸಿ ಮುಗಿಸಿದರೆ, ಪೀರಿಯಡ್ಡಿನ ಕೊನೆಯ ಹತ್ತು ನಿಮಿಷ ಆಟಕ್ಕೆ. ಆ ಹತ್ತು ನಿಮಿಷಕ್ಕಾಗಿ ನಾವು ವಾರವಿಡೀ ಕಾಯುತ್ತಿದ್ದೆವು. ಡೇವ್, ಪ್ಯಾರಾಟ್ರೂಪರ್, ಡಿಗ್ಗರ್, ಪ್ರಿನ್ಸ್: ತೊಂಬತ್ತರ ದಶಕದಲ್ಲಿ ಕಂಪ್ಯೂಟರ್ ಮುಟ್ಟಿದವರಿಗೆ ಈ ಹೆಸರುಗಳ ಪರಿಚಯ ಮಾಡಿಕೊಡಬೇಕಾಗಿಲ್ಲ.

ಕೆಲವು ವರ್ಷಗಳ ಹಿಂದೆ, ವಿಂಡೋಸಿಗೂ ಮೊದಲಿನ ಡಾಸ್ ವ್ಯವಸ್ಥೆಯಲ್ಲಿ ಓಡುತ್ತಿದ್ದ ಈ ಆಟಗಳನ್ನು ಹುಡುಕಿ ತಂದು ನನ್ನ ಲ್ಯಾಪ್‌ಟಾಪಿನಲ್ಲಿ ಹಾಕಿದಾಗ ನಿರಾಸೆಯಾಯಿತು. ಒಂದು ಆಟ ಕಣ್ಣಿಗೇ ಕಾಣದಷ್ಟು ವೇಗವಾಗಿ ಓಡಿ ಮುಗಿಯಿತು. ಇನ್ನೊಂದರಲ್ಲಿ ಮನುಷ್ಯರೆಲ್ಲ ಕುಳ್ಳಗೆ, ಅಗಲವಾಗಿ ಕಂಡರು. ಕತ್ತಿವರಸೆಯ ನಡುವೆ ವಿಂಡೋಸ್ ಏನೋ ಪ್ರಶ್ನೆ ಕೇಳಿ ಆಟ ನಿಲ್ಲಿಸಿತು. ಆಟದ ಫೈಲ್ ಸಿಗುವುದು ಕಷ್ಟವಲ್ಲ. ವೇಗ, ಚಿತ್ರದ ಆಕಾರ, ಕೀಗಳು ಈ ಮೂರೂ ಸರಿಯಾದರೆ ಮಾತ್ರ ನಿಮ್ಮ ಬೆರಳಿಗೆ ನೆನಪಿರುವ ಆಟ ಮರಳಿ ಬರುತ್ತದೆ. ಅದನ್ನು ಸರಿಮಾಡಿಕೊಳ್ಳಲು ನನಗೆ ಹಲವು ಸಂಜೆಗಳು ಹಿಡಿದವು. ನಿಮಗೆ ಒಂದು ಭಾನುವಾರ ಸಾಕಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ಬ್ರೌಸರಿನಲ್ಲೇ ಆಡಿ ನೋಡಿ

ಏನನ್ನೂ ಇನ್‌ಸ್ಟಾಲ್ ಮಾಡುವ ಮೊದಲು ಇಂಟರ್‌ನೆಟ್ ಆರ್ಕೈವ್ ತಾಣಕ್ಕೆ ಹೋಗಿ, ಅಲ್ಲಿರುವ ಎಂಎಸ್-ಡಾಸ್ ಆಟಗಳ ಸಂಗ್ರಹ ತೆರೆಯಿರಿ. 2015ರ ಜನವರಿಯಲ್ಲಿ ಸುಮಾರು 2,400 ಡಾಸ್ ಆಟಗಳನ್ನು ಅವರು ಬ್ರೌಸರಿನೊಳಗೇ ಆಡುವಂತೆ ಮಾಡಿದರು. ಹೆಸರು ಹುಡುಕಿ, ಚಿತ್ರದ ಮೇಲೆ ಒತ್ತಿ, ಅರ್ಧ ನಿಮಿಷ ಕಾಯಿರಿ. ಹೆಸರು ಮರೆತು ಚಿತ್ರ ಮಾತ್ರ ನೆನಪಿರುವ ಆಟಗಳನ್ನು ಗುರುತು ಹಿಡಿಯಲು ಇದಕ್ಕಿಂತ ಸುಲಭದ ದಾರಿ ಇಲ್ಲ. ನನ್ನ ಚಿಕ್ಕಪ್ಪನ ಮಗ "ಬೇಲಿ ಮೇಲೆ ಬೆಕ್ಕು ಹತ್ತಿ ಕಿಟಕಿಯೊಳಗೆ ಹಾರುವ ಆಟ" ಎಂದಷ್ಟೇ ಹೇಳಿದ್ದ. ಅದು ಬಿಲ್ ವಿಲಿಯಮ್ಸ್ ಮಾಡಿದ 'ಆಲಿ ಕ್ಯಾಟ್' ಎಂದು ಅಲ್ಲೇ ಗೊತ್ತಾಯಿತು.

ಆದರೆ ನಿಜವಾಗಿ ಕೂತು ಆಡಲು ಬ್ರೌಸರ್ ಸಾಲದು. ಟ್ಯಾಬ್ ಮುಚ್ಚಿದರೆ ಉಳಿಸಿಟ್ಟ ಆಟ ಹೋಗುತ್ತದೆ. ಕಂಟ್ರೋಲ್ ಜೊತೆ ಒತ್ತುವ ಕೆಲವು ಕೀಗಳನ್ನು ಬ್ರೌಸರ್ ತನ್ನ ಕೆಲಸಕ್ಕೇ ಎಳೆದುಕೊಳ್ಳುತ್ತದೆ. ಹಾಗಾಗಿ ಮನೆಯ ಕಂಪ್ಯೂಟರಿನಲ್ಲೇ ವ್ಯವಸ್ಥೆ ಮಾಡಿಕೊಳ್ಳುವುದು ಒಳ್ಳೆಯದು.

ಆಟ ತರುವುದು ಎಲ್ಲಿಂದ

ನಾವು ಆಗ ಆಡಿದ್ದೆಲ್ಲ ಒಬ್ಬರ ಫ್ಲಾಪಿಯಿಂದ ಇನ್ನೊಬ್ಬರ ಫ್ಲಾಪಿಗೆ ಹೋದ ನಕಲು. ಈಗ ಹಾಗೆ ಮಾಡಬೇಕಾಗಿಲ್ಲ. ಆಟ ಹಳೆಯದಾಯಿತು, ಮಾಡಿದವರು ಕೈಬಿಟ್ಟರು ಎಂದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆ ಕಂಪ್ಯೂಟರ್ ಪ್ರೋಗ್ರಾಂ ಅನ್ನು ಸಾಹಿತ್ಯ ಕೃತಿಯ ಸಾಲಿಗೇ ಸೇರಿಸುತ್ತದೆ.

ನ್ಯಾಯವಾಗಿ ಸಿಗುವುದೂ ಬೇಕಾದಷ್ಟಿದೆ. ಕಮ್ಯಾಂಡರ್ ಕೀನ್, ವುಲ್ಫೆನ್‌ಸ್ಟೈನ್ 3ಡಿ, ಡೂಮ್ ಈ ಮೂರೂ ಶೇರ್‌ವೇರ್ ಆಗಿ ಬಂದವು. ಮೊದಲ ಭಾಗ ಉಚಿತ, ಅದನ್ನು ಯಾರಿಗೆ ಬೇಕಾದರೂ ಹಂಚಬಹುದು, ಇಷ್ಟವಾದರೆ ಉಳಿದದ್ದಕ್ಕೆ ದುಡ್ಡು ಎಂಬ ಪದ್ಧತಿ ಅದು. ಪೂರ್ತಿ ಆಟ ಬೇಕಿದ್ದರೆ ಹಳೇ ಆಟಗಳನ್ನು ಇಂದಿನ ಯಂತ್ರಕ್ಕೆ ಹೊಂದಿಸಿ ಮಾರುವ ಜಿಒಜಿ, ಸ್ಟೀಮ್ ತಾಣಗಳಲ್ಲಿ ಹುಡುಕಿ. ಹಬ್ಬದ ಸಮಯದ ರಿಯಾಯಿತಿಯಲ್ಲಿ ಇವು ಬಹಳ ಅಗ್ಗಕ್ಕೆ ಸಿಗುತ್ತವೆ. ಡಿಗ್ಗರ್ ಬೇಕಿದ್ದರೆ 'ಡಿಗ್ಗರ್ ರಿಮಾಸ್ಟರ್ಡ್' ಇಳಿಸಿಕೊಳ್ಳಿ. ಕೆನಡಾದ ವಿಂಡ್‌ಮಿಲ್ ಸಾಫ್ಟ್‌ವೇರ್ 1983ರಲ್ಲಿ ತಂದ ಮೂಲ ಆಟ ಆ ಕಾಲದ ಐಬಿಎಂ ಪಿಸಿಗೇ ಹೊಂದಿಸಿ ಬರೆದದ್ದು. ಆಂಡ್ರ್ಯೂ ಜೆನ್ನರ್ ಎಂಬವರು 1998ರಲ್ಲಿ ಅದನ್ನು ಬಿಚ್ಚಿ, ಹೊಸ ಯಂತ್ರಗಳಿಗೆ ಒಗ್ಗುವಂತೆ ಮತ್ತೆ ಬರೆದರು.

ಅಟ್ಟದ ಮೇಲೆ ಫ್ಲಾಪಿ ಇದ್ದರೆ

ಇದನ್ನು ಮುಂದೂಡಬೇಡಿ. ಫ್ಲಾಪಿಯೊಳಗಿನ ತಟ್ಟೆಗೆ ಬೂಷ್ಟು ಹಿಡಿಯುತ್ತದೆ. ಮಲೆನಾಡು, ಕರಾವಳಿಯ ಮನೆಗಳಲ್ಲಿ ಒಂದೆರಡು ಮಳೆಗಾಲಕ್ಕೇ ಕೆಟ್ಟುಹೋದ ಡಬ್ಬಿಗಳನ್ನು ನಾನೇ ನೋಡಿದ್ದೇನೆ. ಮೂರೂವರೆ ಇಂಚಿನ ಫ್ಲಾಪಿಯ ಲೋಹದ ಬಾಗಿಲನ್ನು ಮೆಲ್ಲಗೆ ಸರಿಸಿ, ಬೆಳಕಿಗೆ ಹಿಡಿದು ನೋಡಿ. ಬಿಳಿ ಚುಕ್ಕೆ ಕಂಡರೆ ಡ್ರೈವಿಗೆ ಹಾಕಬೇಡಿ. ಓದುವ ಹೆಡ್ಡಿಗೆ ಬೂಷ್ಟು ಮೆತ್ತಿಕೊಂಡು ಮುಂದಿನ ಫ್ಲಾಪಿಗಳನ್ನೂ ಗೀರಿ ಹಾಳುಮಾಡುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಹತ್ತಿಯಿಂದ ಮೊದಲು ಒರೆಸಿ, ಪೂರ್ತಿ ಒಣಗಲು ಬಿಡಿ.

ಆಮೇಲೆ ಬರೆಯುವಿಕೆಯನ್ನು ತಡೆಯಿರಿ. ಮೂರೂವರೆ ಇಂಚಿನದರಲ್ಲಿ ಮೂಲೆಯ ಸಣ್ಣ ಕಿಟಕಿ ತೆರೆದಿರಬೇಕು. ಐದೂಕಾಲು ಇಂಚಿನದರಲ್ಲಿ ಉಲ್ಟಾ, ಅಂಚಿನ ಕಚ್ಚನ್ನು ಟೇಪ್ ಹಚ್ಚಿ ಮುಚ್ಚಬೇಕು. ಮೂರೂವರೆ ಇಂಚಿನ ಯುಎಸ್‌ಬಿ ಡ್ರೈವ್‌ಗಳು ಇವತ್ತಿಗೂ ಮಾರಾಟಕ್ಕಿವೆ. ಹಾಕಿದ ತಕ್ಷಣ ಆಟ ಓಡಿಸಲು ಹೋಗದೆ, ಇಡೀ ಫ್ಲಾಪಿಯ ಇಮೇಜ್, ಅಂದರೆ ಯಥಾವತ್ ನಕಲನ್ನು ಒಂದೇ ಫೈಲಾಗಿ ತೆಗೆದಿಟ್ಟುಕೊಳ್ಳಿ: ವಿಂಡೋಸಿನಲ್ಲಿ ವಿನ್‌ಇಮೇಜ್, ಲಿನಕ್ಸಿನಲ್ಲಿ ಡಿಡಿರೆಸ್ಕ್ಯೂ. ಸಾಯುತ್ತಿರುವ ಫ್ಲಾಪಿಗೆ ಇನ್ನು ಎಷ್ಟು ಸುತ್ತು ಉಳಿದಿದೆಯೋ, ಮೊದಲ ಸುತ್ತನ್ನು ನಕಲಿಗೇ ಕೊಡಿ. ಐದೂಕಾಲು ಇಂಚಿನದಕ್ಕೆ ಹಳೇ ಡ್ರೈವಿನ ಜೊತೆ ಗ್ರೀಸ್‌ವೀಝಲ್‌ನಂಥ ಸಣ್ಣ ಬೋರ್ಡ್ ಬೇಕಾಗುತ್ತದೆ. ಸ್ವಲ್ಪ ತಲೆನೋವಿನ ಕೆಲಸ, ಆದರೆ ಆಗುತ್ತದೆ.

ಫ್ಲಾಪಿಯಲ್ಲಿ ಏನು ಉಳಿದಿರುತ್ತದೆ ಎಂದು ಕೈಚೆಲ್ಲುವವರಿಗೆ ಒಂದು ಉದಾಹರಣೆ. ಪ್ರಿನ್ಸ್ ಆಫ್ ಪರ್ಷಿಯಾ ಬರೆದ ಜೋರ್ಡನ್ ಮೆಕ್ನರ್ ಆ ಆಟದ ಮೂಲ ಕೋಡ್ ಕಳೆದೇಹೋಯಿತು ಎಂದುಕೊಂಡಿದ್ದರು. 2012ರಲ್ಲಿ ಅವರ ತಂದೆ ಹಳೇ ಪೆಟ್ಟಿಗೆಯೊಂದರಲ್ಲಿ ಆ ಫ್ಲಾಪಿಗಳನ್ನು ಕಂಡರು. ಇಪ್ಪತ್ತು ವರ್ಷ ದಾಟಿದ್ದ ಆ ತಟ್ಟೆಗಳನ್ನು ತಿಳಿದವರು ಜೋಪಾನವಾಗಿ ಓದಿ ತೆಗೆದರು. ಮೆಕ್ನರ್ ಆ ಕೋಡನ್ನು ಎಲ್ಲರೂ ನೋಡಲೆಂದು ಕೋಡ್ ಹಂಚುವ ಗಿಟ್‌ಹಬ್ ತಾಣದಲ್ಲಿ ಇಟ್ಟರು.

ಡಾಸ್‌ಬಾಕ್ಸ್ ಸಿದ್ಧ ಮಾಡುವುದು

ಇಂದಿನ 64 ಬಿಟ್ ವಿಂಡೋಸಿಗೆ 16 ಬಿಟ್ ಪ್ರೋಗ್ರಾಂ ಓಡಿಸುವ ಶಕ್ತಿಯೇ ಇಲ್ಲ. ಹಳೇ ಆಟದ ಮೇಲೆ ಎರಡು ಸಲ ಒತ್ತಿದರೆ "ಇದು ಓಡುವುದಿಲ್ಲ" ಎನ್ನುತ್ತದೆ. ಡಾಸ್‌ಬಾಕ್ಸ್ ಎಂಬ ಉಚಿತ ತಂತ್ರಾಂಶ ನಿಮ್ಮ ಕಂಪ್ಯೂಟರಿನೊಳಗೆ ಇನ್ನೊಂದು ಹಳೇ ಪಿಸಿಯನ್ನೇ ಕಟ್ಟಿಕೊಡುತ್ತದೆ: ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್, ಸೌಂಡ್ ಬ್ಲಾಸ್ಟರ್ ಧ್ವನಿ ಕಾರ್ಡ್ ಸಮೇತ. ಮೂಲ ಡಾಸ್‌ಬಾಕ್ಸ್ ಜೊತೆಗೆ ಅದರಿಂದಲೇ ಕವಲೊಡೆದ ಡಾಸ್‌ಬಾಕ್ಸ್ ಸ್ಟೇಜಿಂಗ್ ಇದೆ. ಹೊಸದಾಗಿ ಶುರು ಮಾಡುವವರಿಗೆ ನಾನು ಹೇಳುವುದು ಸ್ಟೇಜಿಂಗ್. ಚಿತ್ರದ ಆಕಾರ ಅದರಲ್ಲಿ ತಾನಾಗಿಯೇ ಸರಿಯಿರುತ್ತದೆ.

ಸಿ ಡ್ರೈವಿನಲ್ಲಿ ಗೇಮ್ಸ್ ಎಂಬ ಫೋಲ್ಡರ್ ಮಾಡಿ, ಪ್ರತಿ ಆಟಕ್ಕೂ ಒಳಗೊಂದು ಫೋಲ್ಡರ್ ಕೊಡಿ. ಹೆಸರು ಎಂಟು ಅಕ್ಷರ ಮೀರದಿರಲಿ, ನಡುವೆ ಜಾಗ ಬೇಡ. ಡಾಸಿಗೆ ಅಷ್ಟೇ ಗೊತ್ತು. ನುಡಿ, ಬರಹ ಅಥವಾ ವಿಂಡೋಸಿನ ಕನ್ನಡ ಕೀಬೋರ್ಡ್ ಚಾಲೂ ಇದ್ದರೆ ಮೊದಲು ನಿಲ್ಲಿಸಿ. ಇಲ್ಲದಿದ್ದರೆ ನೀವು ಒತ್ತಿದ ಅಕ್ಷರ ಡಾಸ್‌ಬಾಕ್ಸಿಗೆ ಸರಿಯಾಗಿ ತಲುಪದೆ ಗೊಂದಲವಾಗುತ್ತದೆ.

ಡಾಸ್‌ಬಾಕ್ಸ್ ತೆರೆದರೆ ಝಡ್ ಡ್ರೈವಿನ ಹೆಸರು ಹೊತ್ತ ಕಪ್ಪು ಕಿಟಕಿ ಬರುತ್ತದೆ. ಇಲ್ಲಿ ನಾನು ಕನ್ನಡದಲ್ಲಿ ಬರೆಯುವ ಆಜ್ಞೆಗಳನ್ನು ನೀವು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ, ಪ್ರತಿ ಸಾಲಿನ ಕೊನೆಗೆ ಎಂಟರ್ ಒತ್ತಬೇಕು.

ಮೌಂಟ್ ಸಿ ಸಿ:\ಗೇಮ್ಸ್
ಸಿ:
ಸಿಡಿ ಪ್ರಿನ್ಸ್
ಪ್ರಿನ್ಸ್

ಮೊದಲ ಸಾಲು ನಿಮ್ಮ ಫೋಲ್ಡರನ್ನು ಆ ಹಳೇ ಯಂತ್ರದ ಸಿ ಡ್ರೈವ್ ಎಂದು ತೋರಿಸುತ್ತದೆ. ಎರಡನೆಯದು ಅಲ್ಲಿಗೆ ಹೋಗುತ್ತದೆ, ಮೂರನೆಯದು ಆಟದ ಫೋಲ್ಡರ್ ಒಳಗೆ, ನಾಲ್ಕನೆಯದು ಆಟ ಶುರು. ಯಾವ ಹೆಸರು ಟೈಪ್ ಮಾಡಬೇಕೆಂದು ಗೊತ್ತಿಲ್ಲದಿದ್ದರೆ 'ಡಿಐಆರ್' ಎಂದು ಹೊಡೆದು, ಕೊನೆಯಲ್ಲಿ ಇಎಕ್ಸ್‌ಇ ಅಥವಾ ಸಿಒಎಂ ಇರುವ ಫೈಲನ್ನು ನೋಡಿ. ಮೊದಲ ಎರಡು ಸಾಲನ್ನು ಪ್ರತಿ ಸಲ ಹೊಡೆಯುವುದು ಬೇಡವೆಂದರೆ, ಡಾಸ್‌ಬಾಕ್ಸಿನ ಸೆಟ್ಟಿಂಗ್‌ಗಳಿರುವ ಕಾನ್ಫಿಗ್ ಫೈಲಿನ ತಳದಲ್ಲಿರುವ ಆಟೋಎಕ್ಸೆಕ್ ವಿಭಾಗದಲ್ಲಿ ಬರೆದಿಡಿ.

ಫ್ಲಾಪಿ ಇಮೇಜ್ ಇದ್ದರೆ ಮೌಂಟ್ ಬದಲು 'ಇಮ್ಗ್‌ಮೌಂಟ್' ಆಜ್ಞೆ (ಮೌಂಟ್‌ಗೆ ಮುಂಚೆ ಐಎಂಜಿ ಅಂಟಿಸಿ ಬರೆಯಿರಿ). ಡ್ರೈವ್ ಎ, ಇಮೇಜ್ ಫೈಲಿನ ಹೆಸರು, ಕೊನೆಗೆ ಮೈನಸ್ ಟಿ ಫ್ಲಾಪಿ.

ಫೋನಿನಲ್ಲೂ ಡಾಸ್ ಆಟ ಓಡಿಸುವ ಆ್ಯಪ್‌ಗಳಿವೆ. ಗಾಜನ್ನು ತಟ್ಟಿ ಕತ್ತಿವರಸೆ ಆಗುವುದಿಲ್ಲ. ನಾನು ಕೈಬಿಟ್ಟೆ.

ವೇಗ

ಆ ಕಾಲದ ಎಷ್ಟೋ ಆಟಗಳು ಗಡಿಯಾರ ನೋಡಿ ಓಡುತ್ತಿರಲಿಲ್ಲ, ಪ್ರೊಸೆಸರಿನ ವೇಗವನ್ನೇ ನಂಬಿಕೊಂಡಿದ್ದವು. 1981ರ ಐಬಿಎಂ ಪಿಸಿಯ ವೇಗ 4.77 ಮೆಗಾಹರ್ಟ್ಸ್. ಆಮೇಲಿನ ಯಂತ್ರಗಳು ಅದನ್ನು ಹಿಂದೆ ಹಾಕಿದಾಗ ಹಳೇ ಆಟಗಳು ಹುಚ್ಚೆದ್ದು ಓಡತೊಡಗಿದವು. ಸಿಪಿಯು ಡಬ್ಬಿಯ ಮುಂದೆ 'ಟರ್ಬೊ' ಎಂಬ ಗುಂಡಿ ನೆನಪಿದೆಯೇ? ನಾವೆಲ್ಲ ಅದು ವೇಗ ಹೆಚ್ಚಿಸಲು ಇದೆ ಎಂದುಕೊಂಡಿದ್ದೆವು. ಅದಿದ್ದದ್ದು ಹಳೇ ಪ್ರೋಗ್ರಾಂಗಳಿಗಾಗಿ ಯಂತ್ರವನ್ನು ನಿಧಾನ ಮಾಡಲು.

ಡಾಸ್‌ಬಾಕ್ಸಿನಲ್ಲಿ ಆ ಗುಂಡಿಯ ಕೆಲಸ ಮಾಡುವುದು ಎರಡು ಕೀಗಳು: ಕಂಟ್ರೋಲ್ ಜೊತೆ ಎಫ್11 ಒತ್ತಿದರೆ ನಿಧಾನ, ಕಂಟ್ರೋಲ್ ಜೊತೆ ಎಫ್12 ಒತ್ತಿದರೆ ಜೋರು. ಲ್ಯಾಪ್‌ಟಾಪ್ ಆದರೆ ಎಫ್‌ಎನ್ ಕೀಯನ್ನೂ ಹಿಡಿಯಬೇಕಾಗಬಹುದು. ಕಿಟಕಿಯ ನೆತ್ತಿಯ ಮೇಲೆ 'ಸೈಕಲ್ಸ್' ಸಂಖ್ಯೆ ಬದಲಾಗುವುದು ಕಾಣುತ್ತದೆ. ಅಂದಾಜಿಗೆ, ಐಬಿಎಂನ ಹಳೇ ಎಕ್ಸ್‌ಟಿ ಯಂತ್ರದ ವೇಗ ಬೇಕಾದರೆ 300ರ ಆಸುಪಾಸು. ಪ್ರಿನ್ಸ್, ಡೇವ್ ಮುಂತಾದವುಗಳಿಗೆ ತಾನಾಗಿ ಬರುವ 3000 ಚೆನ್ನಾಗಿದೆ. ಡೂಮ್ ಕಾಲದ 486 ಯಂತ್ರಕ್ಕೆ 25000ದ ಹತ್ತಿರ. ಸಂಖ್ಯೆಗಿಂತ ಹೆಚ್ಚಾಗಿ ನಿಮ್ಮ ಕಣ್ಣನ್ನು ನಂಬಿ. ಸರಿಯಾದ ವೇಗಕ್ಕೆ ಬಂದಾಗ ಬೆರಳು ತಾನೇ ಹೇಳುತ್ತದೆ, ಮರೆತೇಹೋಗಿದ್ದ ಜಿಗಿತ ಯೋಚಿಸುವ ಮೊದಲೇ ಆಗಿರುತ್ತದೆ.

ಚಿತ್ರ ಮತ್ತು ಹಸಿರು ಬಣ್ಣ

ಹೆಚ್ಚಿನ ಆಟಗಳ ಚಿತ್ರ 320 ಅಡ್ಡ, 200 ಉದ್ದ ಚುಕ್ಕೆಗಳದ್ದು. ಹಳೇ ಮಾನಿಟರುಗಳ ಅಳತೆ ನಾಲ್ಕಕ್ಕೆ ಮೂರು. ಅಂದರೆ ಪ್ರತಿ ಚುಕ್ಕೆಯೂ ಸ್ವಲ್ಪ ಎತ್ತರಕ್ಕೆ ಎಳೆದುಕೊಂಡು ಕಾಣುತ್ತಿತ್ತು, ಚಿತ್ರಕಾರರೂ ಅದನ್ನು ಲೆಕ್ಕ ಹಾಕಿಯೇ ಬಿಡಿಸಿದ್ದರು. ಇಂದಿನ ಸ್ಕ್ರೀನಿನಲ್ಲಿ ಚುಕ್ಕೆಗಳು ಸರಿಚೌಕ, ಅದಕ್ಕೇ ಮನುಷ್ಯರು ಕುಳ್ಳಗೆ ಕಾಣುವುದು. ಮೂಲ ಡಾಸ್‌ಬಾಕ್ಸ್ ಬಳಸುವವರು ಕಾನ್ಫಿಗ್ ಫೈಲಿನಲ್ಲಿ 'ಆಸ್ಪೆಕ್ಟ್' ಎಂಬ ಸಾಲನ್ನು 'ಟ್ರೂ' ಮಾಡಿ, 'ಔಟ್‌ಪುಟ್' ಸಾಲಿಗೆ 'ಓಪನ್‌ಜಿಎಲ್' ಕೊಡಿ. ಪೂರ್ತಿ ಸ್ಕ್ರೀನಿಗೆ ಆಲ್ಟ್ ಜೊತೆ ಎಂಟರ್.

ಬಣ್ಣದ ಮಾನಿಟರ್ ಎಲ್ಲರಿಗೂ ಎಲ್ಲಿತ್ತು? ನಮ್ಮ ಲ್ಯಾಬಿನ ಹೆಚ್ಚಿನವು ಹರ್ಕ್ಯುಲಿಸ್ ಕಾರ್ಡಿನ ಒಂದೇ ಬಣ್ಣದ ಮಾನಿಟರುಗಳು. ಬಣ್ಣದ ಆಟ ಹಾಕುವ ಮೊದಲು 'ಸಿಮ್‌ಸಿಜಿಎ' ಎಂಬ ಪುಟ್ಟ ಪ್ರೋಗ್ರಾಂ ಓಡಿಸಬೇಕಿತ್ತು. ಆಗ ಸಿಜಿಎ ಎಂಬ ಬಣ್ಣದ ಕಾರ್ಡಿನ ಬಣ್ಣಗಳ ಬದಲು ಹಸಿರಿನಲ್ಲೇ ಆಟ ಮೂಡುತ್ತಿತ್ತು. ನಿಮ್ಮ ನೆನಪೂ ಹಸಿರೇ ಆಗಿದ್ದರೆ, ಕಾನ್ಫಿಗ್ ಫೈಲಿನ 'ಮಷೀನ್' ಸಾಲಿನಲ್ಲಿ 'ಹರ್ಕ್ಯುಲಿಸ್' ಎಂದು ಬರೆದು ಡಾಸ್‌ಬಾಕ್ಸ್ ಮತ್ತೆ ತೆರೆಯಿರಿ. ಎಫ್11 ಒತ್ತುತ್ತ ಹೋದರೆ ಬಿಳಿ, ಹಸಿರು, ಜೇನುಬಣ್ಣ ಸರದಿಯಲ್ಲಿ ಬರುತ್ತವೆ. ಪ್ರಿನ್ಸ್ ಈ ಕಾರ್ಡಿನಲ್ಲೂ ಓಡುತ್ತದೆ. ಮೊದಲ ಸಲ ಹಸಿರಿನಲ್ಲಿ ಅದು ಓಡಿದ ರಾತ್ರಿ ನಾನು ಊಟಕ್ಕೆ ಏಳಲಿಲ್ಲ.

ಶಿಫ್ಟ್ ಕೀಯ ಕಾಟ

ಪ್ರಿನ್ಸ್ ಆಟದಲ್ಲಿ ಶಿಫ್ಟ್ ಇಲ್ಲದೆ ಏನೂ ಆಗದು. ಅಂಚು ಹಿಡಿಯಲು, ಎಚ್ಚರದ ಹೆಜ್ಜೆ ಇಡಲು, ಕತ್ತಿ ಬೀಸಲು ಎಲ್ಲಕ್ಕೂ ಅದೇ. ಆದರೆ ವಿಂಡೋಸಿನಲ್ಲಿ ಶಿಫ್ಟ್ ಐದು ಸಲ ಒತ್ತಿದರೆ 'ಸ್ಟಿಕಿ ಕೀಸ್' ಬೇಕೇ ಎಂದು ಕೇಳುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿ, ಅದರೊಳಗೆ ಕೀಬೋರ್ಡ್, ಅಲ್ಲಿ ಸ್ಟಿಕಿ ಕೀಸ್‌ನ ಶಾರ್ಟ್‌ಕಟ್ ಆರಿಸಿಬಿಡಿ. ಆಟದ ದಿನಕ್ಕೆ ಮಾತ್ರ ಬೇರೆ ಕೀಬೋರ್ಡ್ ಚುಚ್ಚಿಕೊಳ್ಳಿ; ಬಲಗಡೆ ಅಂಕಿಗಳ ಗುಂಪು ಇರುವಂಥದ್ದು. ಆ 7 ಮತ್ತು 9 ಒಂದೇ ಬೆರಳಿನಲ್ಲಿ ಎಡಕ್ಕೆ, ಬಲಕ್ಕೆ ಜಿಗಿಸುತ್ತವೆ.

ಮೌಸಿನ ಬಾಣ ಕಿಟಕಿಯೊಳಗೆ ಸಿಕ್ಕಿಕೊಂಡರೆ ಕಂಟ್ರೋಲ್ ಎಫ್10. ಆಟ ಮರಗಟ್ಟಿದರೆ ಕಂಟ್ರೋಲ್ ಎಫ್9, ಡಾಸ್‌ಬಾಕ್ಸೇ ಮುಚ್ಚುತ್ತದೆ.

ಯಾವುದು ಮೊದಲು

ಪ್ಯಾರಾಟ್ರೂಪರ್. 1982ರದ್ದು, ಬರೆದವರು ಗ್ರೆಗ್ ಕೂಪರ್‌ಬರ್ಗ್, ಮುಂದೆ ಗಣಿತದ ಪ್ರಾಧ್ಯಾಪಕರಾದರು. ಕೆಳಗೊಂದು ಫಿರಂಗಿ, ಮೇಲಿಂದ ಹೆಲಿಕಾಪ್ಟರ್, ಛತ್ರಿ ಹಿಡಿದು ಇಳಿಯುವ ಸೈನಿಕರು. ಒಂದೇ ಬದಿಯಲ್ಲಿ ನಾಲ್ವರು ಇಳಿದರೆ ಒಬ್ಬರ ಮೇಲೊಬ್ಬರು ಹತ್ತಿ ಬಂದು ಫಿರಂಗಿ ಸಿಡಿಸುತ್ತಾರೆ. ಹೊಡೆದ ಪ್ರತಿ ಗುಂಡಿಗೂ ಒಂದು ಅಂಕ ಕಳೆಯುತ್ತದೆ. ಹಾಗಾಗಿ ಸುಮ್ಮನೆ ಒತ್ತಿ ಹಿಡಿಯಬೇಡಿ, ಎರಡೂ ಬದಿಯಲ್ಲಿ ಇಳಿದವರನ್ನು ಎಣಿಸುತ್ತಿರಿ. ಕೀಬೋರ್ಡ್ ಮತ್ತು ವೇಗ ಸರಿಯಿದೆಯೇ ಎಂದು ಪರೀಕ್ಷಿಸಲು ಈ ಐದು ನಿಮಿಷದ ಆಟ ಸಾಕು.

ಆಮೇಲೆ ಡೇಂಜರಸ್ ಡೇವ್. ಜಾನ್ ರೊಮೆರೊ 1988ರಲ್ಲಿ ಇದನ್ನು ಆಪಲ್ 2 ಯಂತ್ರಕ್ಕೆ, ಡಿಸ್ಕಿನಲ್ಲಿ ಬರುತ್ತಿದ್ದ ಒಂದು ಪತ್ರಿಕೆಗಾಗಿ ಮಾಡಿದ್ದು. ನಾವು ಆಡಿದ್ದು ಡಾಸ್ ಆವೃತ್ತಿ. ಹತ್ತು ಲೆವೆಲ್, ಪ್ರತಿಯೊಂದರಲ್ಲೂ ಬಟ್ಟಲು ಹಿಡಿದ ಮೇಲೇ ಬಾಗಿಲು ತೆರೆಯುವುದು. ಕಂಟ್ರೋಲ್ ಒತ್ತಿದರೆ ಗುಂಡು, ಆಲ್ಟ್ ಒತ್ತಿದರೆ ಜೆಟ್‌ಪ್ಯಾಕ್. ಜೆಟ್‌ಪ್ಯಾಕಿನ ಇಂಧನ ಮುಗಿಯುತ್ತದೆ, ನೆಲ ಸಿಕ್ಕ ಕೂಡಲೇ ಆರಿಸಿ.

ಡೇವ್ ಅಂಚಿಗೆ ಬಂದಾಗ ಚಿತ್ರ ಒಮ್ಮೆಗೇ ಜರುಗುವುದನ್ನು ಗಮನಿಸಿ. ಆಗಿನ ಪಿಸಿಯಲ್ಲಿ ನುಣ್ಣಗೆ ಸರಿಯುವ ಹಿನ್ನೆಲೆ ಬಲು ಕಷ್ಟದ ಕೆಲಸ. 1990ರ ಸೆಪ್ಟೆಂಬರಿನ ಒಂದು ರಾತ್ರಿ ರೊಮೆರೊ ಅವರ ಸಹೋದ್ಯೋಗಿಗಳಾದ ಜಾನ್ ಕಾರ್ಮ್ಯಾಕ್ ಮತ್ತು ಟಾಮ್ ಹಾಲ್ ಅದನ್ನು ಸಾಧಿಸಿದರು. ಮಾರಿಯೊ ಆಟದ ಮೊದಲ ಲೆವೆಲನ್ನೇ ಪಿಸಿಯಲ್ಲಿ ಕಟ್ಟಿ, ಮಾರಿಯೊ ಜಾಗದಲ್ಲಿ ಡೇವ್‌ನನ್ನು ನಿಲ್ಲಿಸಿ, ಆ ಡಿಸ್ಕನ್ನು ರೊಮೆರೊ ಮೇಜಿನ ಮೇಲೆ ಇಟ್ಟುಹೋದರು. ಅದೇ ಡಿಸೆಂಬರಿಗೆ ಕಮ್ಯಾಂಡರ್ ಕೀನ್ ಬಂತು, 1991ರಲ್ಲಿ ಅವರದೇ ಕಂಪನಿ ಇಡ್ ಸಾಫ್ಟ್‌ವೇರ್, 1993ರಲ್ಲಿ ಡೂಮ್. ಡೇವ್ ಆದ ಮೇಲೆ ಕೀನ್‌ನ ಮೊದಲ ಭಾಗ ಹಾಕಿ ನೋಡಿ. ಆ ರಾತ್ರಿಯ ಕೆಲಸ ಕಣ್ಣಿಗೇ ಕಾಣುತ್ತದೆ.

ಪ್ರಿನ್ಸ್‌ಗೆ ಒಂದು ಗಂಟೆ

ಇದನ್ನು ಕೊನೆಗೆ ಇಟ್ಟುಕೊಳ್ಳಿ, ಮನೆ ಸದ್ದಡಗಿದ ಮೇಲೆ. ಮೆಕ್ನರ್ ತಮ್ಮ ತಮ್ಮನಿಗೆ ಬಿಳಿ ಬಟ್ಟೆ ತೊಡಿಸಿ, ಓಡಿಸಿ, ಜಿಗಿಸಿ, ವಿಡಿಯೊ ತೆಗೆದು, ಒಂದೊಂದೇ ಚೌಕಟ್ಟಿನಿಂದ ಆ ಮೈಕಟ್ಟನ್ನು ಬಿಡಿಸಿಕೊಂಡರು. ಅದಕ್ಕೇ ಪ್ರಿನ್ಸ್ ಓಡುವಾಗ ಒಬ್ಬ ಹುಡುಗ ನಿಜವಾಗಿ ಓಡಿದ ಹಾಗೆ ಕಾಣುವುದು. ಆಪಲ್ 2 ಆವೃತ್ತಿ ಬಂದದ್ದು 1989ರಲ್ಲಿ, ಡಾಸಿಗೆ ಮರುವರ್ಷ. ಸಂಗೀತ ಅವರ ತಂದೆಯದ್ದು.

ಆಟಕ್ಕೆ 60 ನಿಮಿಷ. ಸತ್ತರೆ ಲೆವೆಲ್ ಮೊದಲಿಂದ, ಆದರೆ ಗಡಿಯಾರ ಹಿಂದೆ ಹೋಗದು. ಸ್ಪೇಸ್ ಒತ್ತಿದರೆ ಉಳಿದ ಸಮಯ ತಿಳಿಯುತ್ತದೆ. ಕಂಟ್ರೋಲ್ ಎ ಒತ್ತಿದರೆ ಲೆವೆಲ್ ಮತ್ತೆ ಶುರು. ಮೂರನೇ ಲೆವೆಲಿನಿಂದ ಮುಂದೆ ಕಂಟ್ರೋಲ್ ಜಿ ಒತ್ತಿ ಆಟ ಉಳಿಸಿ, ಮುಂದಿನ ಸಲ ಶುರುವಿನಲ್ಲಿ ಕಂಟ್ರೋಲ್ ಎಲ್ ಒತ್ತಿ ತೆಗೆಯಬಹುದು. ಇದು ಆಗ ನಮಗೆ ಯಾರೂ ಹೇಳಿರಲಿಲ್ಲ. ಪ್ರತಿ ವಾರ ಮೊದಲ ಲೆವೆಲಿನಿಂದಲೇ ಆಡುತ್ತಿದ್ದೆವು.

ಕತ್ತಿ ಸಿಗುವವರೆಗೆ ಕಾವಲುಗಾರನ ಹತ್ತಿರ ಹೋಗಬೇಡಿ. ಮೊದಲ ಲೆವೆಲಿನಲ್ಲಿ ಎಡಕ್ಕೆ, ಕೆಳಗೆ ಇಳಿದು ಹುಡುಕಿ. ಕಾಳಗದಲ್ಲಿ ನೀವಾಗಿ ನುಗ್ಗದೆ ಅವನು ಬರಲಿ ಬಿಡಿ; ಮೇಲಿನ ಬಾಣ ಒತ್ತಿ ತಡೆದು, ತಕ್ಷಣ ಶಿಫ್ಟ್. ಹೆಚ್ಚು ಬಣ್ಣ ತೋರಿಸುವ ವಿಜಿಎ ಕಾರ್ಡಿನಲ್ಲಿ ಕೆಂಪು ಸೀಸೆ ಜೀವ ಕೊಡುತ್ತದೆ, ನೀಲಿಯದು ವಿಷ. ಮೂರನೇ ಲೆವೆಲಿನ ಅಸ್ಥಿಪಂಜರ ಎಷ್ಟು ಇರಿದರೂ ಸಾಯದು, ಹಿಂದಕ್ಕೆ ತಳ್ಳುತ್ತ ಹೋಗಿ ಅಂಚಿನಿಂದ ಬೀಳಿಸಬೇಕು.

ನಾಲ್ಕನೇ ಲೆವೆಲಿನ ಕೊನೆಗೆ ದಾರಿಗೆ ಅಡ್ಡ ಕನ್ನಡಿ ನಿಂತಿರುತ್ತದೆ. ಓಡಿ ಬಂದು ಅದರೊಳಗೇ ಜಿಗಿಯಿರಿ. ಆಚೆಯಿಂದ ನಿಮ್ಮದೇ ನೆರಳು ಎದ್ದು ಹೊರಡುತ್ತದೆ, ನಿಮಗೆ ಒಂದೇ ಜೀವ ಉಳಿಯುತ್ತದೆ. ಈ ನೆರಳು ಹುಟ್ಟಿದ್ದು ಜಾಗದ ಅಭಾವದಿಂದ. ಆಪಲ್ 2ರ ಮೆಮರಿಯಲ್ಲಿ ಇನ್ನೊಬ್ಬ ಮನುಷ್ಯನ ಚಿತ್ರಗಳನ್ನು ತುಂಬಲು ಎಡೆಯಿರಲಿಲ್ಲ. ಪ್ರಿನ್ಸ್‌ನ ಚಿತ್ರವನ್ನೇ ಒಂದು ಬಿಟ್ ಪಕ್ಕಕ್ಕೆ ಸರಿಸಿ, ಅದರ ಮೇಲೇ ಎಕ್ಸ್‌ಒಆರ್ ಲೆಕ್ಕದಲ್ಲಿ (ಎರಡು ಚುಕ್ಕೆ ಬೇರೆ ಬೇರೆಯಿದ್ದರೆ ಮಾತ್ರ ಉಳಿಸುವ ಲೆಕ್ಕ) ಕೂಡಿಸಿದಾಗ ಮಿನುಗುವ ಆಕೃತಿಯೊಂದು ಮೂಡಿತು. ಆ ಆಕೃತಿ ಮುಂದೆ ನಿಮ್ಮ ಸೀಸೆ ಕುಡಿಯುತ್ತದೆ, ಮುಖದ ಮೇಲೆ ಬಾಗಿಲು ಹಾಕುತ್ತದೆ.

ಹನ್ನೆರಡನೇ ಲೆವೆಲಿನಲ್ಲಿ ಅದು ಕತ್ತಿ ಹಿಡಿದು ಎದುರಾಗುತ್ತದೆ. ನೀವು ಇರಿದರೆ ಜೀವ ಹೋಗುವುದು ನಿಮ್ಮದೇ. ಕೆಳಗಿನ ಬಾಣ ಒತ್ತಿ ಕತ್ತಿಯನ್ನು ಒರೆಗೆ ಹಾಕಿ. ಅದೂ ಹಾಕುತ್ತದೆ. ಅದರತ್ತ ಓಡಿ, ಇಬ್ಬರೂ ಒಂದಾಗುತ್ತೀರಿ. ಆಮೇಲೆ ಎಡಕ್ಕೆ ಓಡುತ್ತಲೇ ಇರಿ. ಮುಂದೆ ನೆಲ ಕಾಣುವುದಿಲ್ಲ, ಬೆರಳು ತೆಗೆಯಬೇಡಿ. ನಿಮ್ಮ ಕಾಲ ಕೆಳಗೆ ಒಂದೊಂದೇ ಹಲಗೆ ಮೂಡುತ್ತದೆ. ಆ ಬದಿಯಲ್ಲಿ ಆಟದ ಖಳನಾಯಕ, ವಜೀರ ಜಾಫರ್ ಕಾಯುತ್ತಿರುತ್ತಾನೆ.